ಕರಾವಳಿ ಬಂಡೆಗಳ ಮೇಲಿನ ಬೆಂಡುಗಾಳ ಮೀನುಗಾರಿಕೆ

ಬೆಂಡುಗಾಳ ಮೀನುಗಾರಿಕೆಯು ನೀರಿನ ಮೇಲೆ ತೇಲುವ ಬೆಂಡಿನ ಕೆಳಗೆ, ಎರೆ ಸಿಕ್ಕಿಸಿದ ಗಾಳವನ್ನು ನಿಗದಿತ ಆಳದಲ್ಲಿ ತೂಗಬಿಟ್ಟು ಮೀನು ಹಿಡಿಯುವ ವಿಧಾನವಾಗಿದೆ. ಕೆರೆ, ಹೊಳೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಈ ವಿಧಾನವನ್ನು ಕಡಲಂಚಿನ ಬಂಡೆಗಳ ಮೇಲೆ ನಿಂತೂ ಬಳಸಲಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಕಡಲತೀರವು ಮರಳದಂಡೆ, ಕಲ್ಲುಚಾಚು ಹಾಗೂ ನದೀಮುಖಗಳಿಂದ ಕೂಡಿರುವುದರಿಂದ ಈ ವಿಧಾನಕ್ಕೆ ಅನುಕೂಲವಾಗಿದೆ. ಆದರೆ ಬಂಡೆಯ ಮೇಲಿನಿಂದ ಗಾಳ ಹಾಕಿದಾಗ ಮೀನು ಎರೆಯನ್ನು ಕಚ್ಚಿದರೂ ಗಾಳ ಅದರ ಬಾಯಿಗೆ ನಾಟದೆ ಹೋಗುವುದು ಸಾಮಾನ್ಯ. ಕಚ್ಚಿದ ಮೀನುಗಳಲ್ಲಿ ಎಷ್ಟಕ್ಕೆ ಗಾಳ ನಾಟುತ್ತದೆ ಎಂಬುದನ್ನು ನಾಟಿನ ಪ್ರಮಾಣ ಎನ್ನಬಹುದು. ಇದು ಎಳೆಯುವವನ ಬಲಕ್ಕಿಂತ ಹೆಚ್ಚಾಗಿ ದಾರದ ಬಿಗಿ, ಬೆಂಡಿನ ಸಮತೂಕ, ಗಾಳದ ಮೊನೆ ಮತ್ತು ಎಳೆಯುವ ಕ್ಷಣ ಎಂಬ ನಾಲ್ಕು ಅಂಶಗಳನ್ನು ಅವಲಂಬಿಸಿದೆ.

ಪ್ರದೇಶದ ಸ್ವರೂಪ

ಕಾರವಾರದ ಬಳಿ ಸಹ್ಯಾದ್ರಿಯ ಕವಲುಗಳು ಕಡಲಿಗೆ ತೀರ ಸಮೀಪ ಬರುತ್ತವೆ. ಗುಡ್ಡಗಳ ತುದಿಗಳು ನೀರಿಗೆ ಚಾಚಿಕೊಂಡು ಚಿಕ್ಕ ದೊಡ್ಡ ಕೊಲ್ಲಿಗಳನ್ನು ನಿರ್ಮಿಸಿವೆ. ಉತ್ತರದಲ್ಲಿ ಗೋವಾ ಗಡಿಗೆ ಹೊಂದಿದ ಮಾಜಾಳಿ, ಕಪ್ಪು ಮರಳಿಗೆ ಹೆಸರಾದ ತಿಳಮಾತಿ, ಕಾಳಿ ನದಿಯ ಮುಖದಲ್ಲಿರುವ ಸದಾಶಿವಗಡ ಮತ್ತು ಕೋಡಿಬಾಗ, ಬಂದರು ಇರುವ ಬೈತಖೋಲ, ದಕ್ಷಿಣಕ್ಕೆ ಬಿಣಗಾ ಹಾಗೂ ಅರ್ಗಾ ಈ ಸಾಲಿನಲ್ಲಿ ಬರುತ್ತವೆ. ಅಂಕೋಲಾ ತಾಲೂಕಿನಲ್ಲಿ ಹಾರವಾಡ, ಬೇಲೆಕೇರಿ ಮತ್ತು ಕೇಣಿಯ ತೀರಗಳಿದ್ದು, ಮಂಜಗುಣಿಯ ಬಳಿ ಗಂಗಾವಳಿ ನದಿಯು ಅರಬ್ಬೀ ಸಮುದ್ರವನ್ನು ಸೇರುತ್ತದೆ.

ಮರಳದಂಡೆಗಳಲ್ಲಿ ಹಿಂದೆ ರಂಪಣಿಯಂತಹ ದೊಡ್ಡ ಎಳೆಬಲೆಗಳು ಪ್ರಧಾನವಾಗಿದ್ದವು. ಕಲ್ಲಿರುವೆಡೆ ಬಲೆ ಸಿಕ್ಕಿ ಹರಿಯುವುದರಿಂದ ಅಲ್ಲಿ ಗಾಳವೇ ಉಳಿದ ದಾರಿಯಾಗಿತ್ತು. ಬಂಡೆಗಳ ಮೇಲೆ ನೀಲಿಕಲ್ಲು ಮತ್ತು ಸಿಂಪಿಗಳು ಬೆಳೆಯುತ್ತವೆ. ಸಂದುಗಳಲ್ಲಿ ಏಡಿ ಹಾಗೂ ಸಣ್ಣ ಸೀಗಡಿಗಳು ಅಡಗಿರುತ್ತವೆ. ಈ ಆಹಾರವನ್ನು ಅರಸಿ ಮೀನುಗಳು ಬಂಡೆಯ ಬುಡಕ್ಕೆ ಬರುತ್ತವೆ. ತಳದಲ್ಲಿ ಮಲಗುವಂತೆ ಹಾಕಿದ ಗಾಳ ಇಂತಹ ಕಲ್ಲುಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಬೆಂಡು ಗಾಳವನ್ನು ತಳದಿಂದ ಮೇಲಕ್ಕೆ ಎತ್ತಿ ಹಿಡಿಯುವುದರಿಂದ ಈ ನಷ್ಟ ತಪ್ಪುತ್ತದೆ.

ಬಿಣಗಾ ಮತ್ತು ಅರ್ಗಾದಿಂದ ದಕ್ಷಿಣಕ್ಕಿರುವ ಕರಾವಳಿಯ ಬಹುಭಾಗ ಭಾರತೀಯ ನೌಕಾಪಡೆಯ ಸೀಬರ್ಡ್ ಯೋಜನೆಗೆ ಸೇರಿದೆ. ಅಲ್ಲಿನ ಐಎನ್‌ಎಸ್ ಕದಂಬ ನೌಕಾನೆಲೆಯು 2005ರಲ್ಲಿ ಕಾರ್ಯಾರಂಭ ಮಾಡಿತು. ನೌಕಾನೆಲೆಯ ವ್ಯಾಪ್ತಿಯ ಬಂಡೆಗಳಿಗೆ ಸಾರ್ವಜನಿಕರ ಪ್ರವೇಶವಿಲ್ಲ. ಬಂದರುಗಳ ಒಳಭಾಗದಲ್ಲಿಯೂ ಅನುಮತಿ ಅಗತ್ಯವಾಗುತ್ತದೆ.

ಜೋಡಣೆ

ಬೆಂಡುಗಾಳದ ಜೋಡಣೆಯಲ್ಲಿ ಗಾಳದ ಕೋಲು, ರಾಟೆ ಅಥವಾ ರೀಲ್, ದಾರ, ಬೆಂಡು, ಸೀಸದ ಗುಂಡು ಮತ್ತು ಗಾಳ ಇರುತ್ತವೆ. ಬೆಂಡನ್ನು ಕಟ್ಟುವ ಕ್ರಮದಲ್ಲಿ ಎರಡು ಬಗೆಗಳಿವೆ.

ಸ್ಥಿರ ಬೆಂಡು: ಬೆಂಡನ್ನು ದಾರದ ಒಂದು ಸ್ಥಳದಲ್ಲಿ ಅಲುಗದಂತೆ ಬಿಗಿಯಲಾಗುತ್ತದೆ. ಗಾಳದ ಆಳವು ಕೋಲಿನ ಉದ್ದಕ್ಕಿಂತ ಕಡಿಮೆ ಇರುವಲ್ಲಿ ಮಾತ್ರ ಇದು ಅನುಕೂಲಕರ. ಆಳ ಹೆಚ್ಚಾದರೆ ಎಸೆಯುವುದು ಕಷ್ಟವಾಗುತ್ತದೆ.

ಜಾರುಬೆಂಡು: ದಾರವು ಬೆಂಡಿನ ಮೂಲಕ ಸರಾಗವಾಗಿ ಹಾದುಹೋಗುತ್ತದೆ. ದಾರದ ಮೇಲೆ ಕಟ್ಟಿದ ಚಿಕ್ಕ ತಡೆಗಂಟು ಬೆಂಡಿಗೆ ಬಂದು ತಾಗಿದಾಗ ಗಾಳ ಇಳಿಯುವುದು ನಿಲ್ಲುತ್ತದೆ. ಗಂಟನ್ನು ಸರಿಸಿ ಆಳವನ್ನು ಬದಲಿಸಬಹುದು. ಉಬ್ಬರವಿಳಿತದೊಂದಿಗೆ ಆಳ ಬದಲಾಗುತ್ತಿರುವ ಬಂಡೆಗಳಲ್ಲಿ ಈ ಬಗೆ ಹೆಚ್ಚು ಉಪಯುಕ್ತ.

ಗಾಳ ನಾಟದಿರಲು ಕಾರಣಗಳು

ಮೀನು ಕಚ್ಚಿದಾಗ ಕೋಲನ್ನು ಎತ್ತಿ ಎಳೆಯಲಾಗುತ್ತದೆ. ಆ ಚಲನೆಯು ದಾರದ ಮೂಲಕ ಗಾಳವನ್ನು ತಲುಪಿದರೆ ಮಾತ್ರ ಮೊನೆ ಮೀನಿನ ಬಾಯಿಗೆ ಇಳಿಯುತ್ತದೆ. ಬೆಂಡುಗಾಳದಲ್ಲಿ ಈ ಚಲನೆ ಮಾರ್ಗಮಧ್ಯದಲ್ಲಿಯೇ ಮೂರು ಕಡೆ ವ್ಯಯವಾಗುತ್ತದೆ.

ಮೊದಲನೆಯದು ದಾರದ ಸಡಿಲು. ಬಂಡೆಯು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿರುವುದರಿಂದ ಕೋಲಿನ ತುದಿ ಮತ್ತು ಬೆಂಡಿನ ನಡುವಿನ ದಾರವನ್ನು ಗಾಳಿ ಬಿಲ್ಲಿನಂತೆ ಬಾಗಿಸುತ್ತದೆ. ನೀರಿನ ಮೇಲೆ ಬಿದ್ದ ದಾರವನ್ನು ಅಲೆಯ ಹಿಂಸೆಳೆತ ಇನ್ನೊಂದು ದಿಕ್ಕಿಗೆ ಒಯ್ಯುತ್ತದೆ.

ಎರಡನೆಯದು ದಾರದ ಹಿಗ್ಗುವಿಕೆ. ಸಾಮಾನ್ಯ ಒಂಟಿ ಎಳೆಯ ನೈಲಾನ್ ದಾರವು ಎಳೆದಾಗ ಗಣನೀಯವಾಗಿ ಹಿಗ್ಗುತ್ತದೆ. ಉದಾಹರಣೆಗೆ, 20 ಮೀಟರ್ ದಾರವು ಶೇಕಡಾ 5ರಷ್ಟು ಹಿಗ್ಗಿದರೆ 1 ಮೀಟರ್ ಚಲನೆ ಹಿಗ್ಗುವುದರಲ್ಲಿಯೇ ಕಳೆದುಹೋಗುತ್ತದೆ. ಮೂರು ಮೀಟರ್ ಉದ್ದದ ಕೋಲನ್ನು ಒಮ್ಮೆ ಎತ್ತಿದಾಗ ಅದರ ತುದಿ ಸುಮಾರು 2 ಮೀಟರ್ ಹಿಂದೆ ಸರಿಯುತ್ತದೆ ಎಂದಿಟ್ಟುಕೊಂಡರೆ, ದಾರದಲ್ಲಿ 1 ಮೀಟರ್ ಸಡಿಲು ಇದ್ದ ಪಕ್ಷದಲ್ಲಿ ಗಾಳವನ್ನು ತಲುಪುವ ಚಲನೆ ಬಹುತೇಕ ಶೂನ್ಯ. ಎಷ್ಟೇ ಜೋರಾಗಿ ಎಳೆದರೂ ಗಾಳ ನಾಟದಿರುವುದಕ್ಕೆ ಇದೇ ಮುಖ್ಯ ಕಾರಣ.

ಮೂರನೆಯದು ಬೆಂಡಿನ ಬಳಿಯ ಕೋನ. ಕೋಲಿನಿಂದ ಬೆಂಡಿನವರೆಗೆ ದಾರ ಓರೆಯಾಗಿ ಬರುತ್ತದೆ. ಬೆಂಡಿನಿಂದ ಗಾಳದವರೆಗೆ ನೇರವಾಗಿ ಕೆಳಗಿಳಿಯುತ್ತದೆ. ಎಳೆದಾಗ ಮೊದಲು ಈ ಕೋನ ನೇರವಾಗಬೇಕು. ಸ್ಥಿರ ಬೆಂಡಾದರೆ ಅದನ್ನು ನೀರಿನಲ್ಲಿ ಸರಿಸುವ ಶ್ರಮವೂ ಸೇರುತ್ತದೆ. ಬೆಂಡು ದಪ್ಪವಾದಷ್ಟೂ ಈ ತಡೆ ಹೆಚ್ಚು. ಜಾರುಬೆಂಡಿನಲ್ಲಿ ದಾರ ಬೆಂಡಿನೊಳಗೆ ಜಾರುವುದರಿಂದ ತಡೆ ಕಡಿಮೆ.

ಇವುಗಳ ಜೊತೆಗೆ ಮೊಂಡಾದ ಮೊನೆ, ಎರೆಯಲ್ಲಿ ಹೂತುಹೋದ ಮೊನೆ, ಮೀನಿನ ಬಾಯಿಗೆ ಹೊಂದದ ಗಾಳದ ಗಾತ್ರ ಮತ್ತು ಅಲೆಯ ಏರಿಳಿತವನ್ನೇ ಮೀನಿನ ಕಚ್ಚುವಿಕೆ ಎಂದು ತಪ್ಪಾಗಿ ತಿಳಿದು ಎಳೆಯುವುದು ಇತರ ಕಾರಣಗಳಾಗಿವೆ.

ನಾಟಿನ ಪ್ರಮಾಣವನ್ನು ಹೆಚ್ಚಿಸುವ ಕ್ರಮಗಳು

ಬೆಂಡಿನ ಸಮತೂಕ

ಆರ್ಕಿಮಿಡೀಸನ ತತ್ತ್ವದಂತೆ ತೇಲುವ ವಸ್ತು ತನ್ನ ತೂಕಕ್ಕೆ ಸಮನಾದ ನೀರನ್ನು ಸ್ಥಳಾಂತರಿಸುತ್ತದೆ. 15 ಗ್ರಾಂ ಭಾರ ಹೊರಬಲ್ಲ ಬೆಂಡಿಗೆ 8 ಗ್ರಾಂ ಸೀಸ ಮಾತ್ರ ಕಟ್ಟಿದರೆ, ಅದನ್ನು ಮುಳುಗಿಸಲು ಮೀನು ಇನ್ನೂ 7 ಗ್ರಾಂ ಬಲವನ್ನು ಹಾಕಬೇಕಾಗುತ್ತದೆ. 13 ಗ್ರಾಂ ಕಟ್ಟಿದರೆ ಉಳಿಯುವ ತಡೆ ಕೇವಲ 2 ಗ್ರಾಂ. ತಡೆ ಹೆಚ್ಚಿದ್ದರೆ ಶಂಕೆಗೊಂಡ ಮೀನು ಎರೆಯನ್ನು ಉಗುಳುತ್ತದೆ. ಎಳೆಯುವಷ್ಟರಲ್ಲಿ ಗಾಳ ಅದರ ಬಾಯಿಂದ ಹೊರಗಿರುತ್ತದೆ. ಆದ್ದರಿಂದ ಬೆಂಡಿನ ತುದಿಯಷ್ಟೇ ನೀರಿನ ಮೇಲೆ ಕಾಣುವಂತೆ ಸೀಸವನ್ನು ಹೊಂದಿಸುವುದು ಉತ್ತಮ. ನೊರೆ ಮತ್ತು ಅಲೆ ಹೆಚ್ಚಿರುವಲ್ಲಿ ಬೆಂಡು ಕಣ್ಣಿಗೆ ಕಾಣಬೇಕಾದುದರಿಂದ ಸ್ವಲ್ಪ ಹೆಚ್ಚು ತೇಲುವಿಕೆಯನ್ನು ಉಳಿಸಿಕೊಳ್ಳಬೇಕಾಗುತ್ತದೆ.

ಮನೆಯ ಬಕೆಟ್ಟಿನ ಸಿಹಿನೀರಿನಲ್ಲಿ ಹೊಂದಿಸಿದ ಬೆಂಡು ಕಡಲಿನಲ್ಲಿ ತುಸು ಮೇಲೇಳುತ್ತದೆ. ಕಡಲ ನೀರಿನ ಸಾಂದ್ರತೆ ಸಿಹಿನೀರಿಗಿಂತ ಸುಮಾರು ಶೇಕಡಾ 2.5ರಷ್ಟು ಹೆಚ್ಚು. ಬೆಂಡೂ ಸೇರಿ ಒಟ್ಟು 20 ಗ್ರಾಂ ತೂಗುವ ಜೋಡಣೆಯಲ್ಲಿ ಈ ವ್ಯತ್ಯಾಸ ಸುಮಾರು ಅರ್ಧ ಗ್ರಾಂ ಆಗುತ್ತದೆ. ಮಳೆಗಾಲದಲ್ಲಿ ಮತ್ತು ಅದರ ನಂತರದ ವಾರಗಳಲ್ಲಿ ಕಾಳಿ ಹಾಗೂ ಗಂಗಾವಳಿಯ ಮುಖಗಳಲ್ಲಿ ಸಿಹಿನೀರು ಬೆರೆತಿರುವುದರಿಂದ ಅಲ್ಲಿಯೂ ತೆರೆದ ಕಡಲಿನಲ್ಲಿಯೂ ಒಂದೇ ಬೆಂಡು ಒಂದೇ ರೀತಿ ನಿಲ್ಲುವುದಿಲ್ಲ.

ದಾರದ ನಿರ್ವಹಣೆ

ಎರೆ ನೀರಿಗೆ ಬಿದ್ದ ಕೂಡಲೇ ಹೆಚ್ಚುವರಿ ದಾರವನ್ನು ಸುತ್ತಿಕೊಂಡು, ಬೆಂಡು ಸಹಜವಾಗಿ ತೇಲಿ ಹೋಗುವಷ್ಟು ಮಾತ್ರ ಸಡಿಲನ್ನು ಉಳಿಸಲಾಗುತ್ತದೆ. ಗಾಳಿಗೆ ಬಾಗಿದ ದಾರವನ್ನು ಕೋಲಿನ ತುದಿಯಿಂದ ಎತ್ತಿ, ಗಾಳಿ ಬರುವ ದಿಕ್ಕಿಗೆ ಮರಳಿ ಇಡುವುದು ಮುಖ್ಯ ಅಭ್ಯಾಸ. ಬೆಂಡು ಮುಳುಗಿದಾಗ ತಕ್ಷಣ ಕೋಲನ್ನು ಎತ್ತುವ ಬದಲು, ಕೋಲನ್ನು ಬೆಂಡಿನ ಕಡೆಗೆ ತಗ್ಗಿಸಿ, ಸಡಿಲನ್ನು ಸುತ್ತಿಕೊಂಡು, ದಾರ ಬಿಗಿಯಾದ ಮೇಲೆ ಎಳೆದರೆ ಪೂರ್ಣ ಚಲನೆ ಗಾಳಕ್ಕೆ ತಲುಪುತ್ತದೆ.

ದಾರದ ಆಯ್ಕೆಯಲ್ಲಿಯೂ ವ್ಯತ್ಯಾಸವಿದೆ. ಪಾಲಿಎಥಿಲೀನ್ ಎಳೆಗಳಿಂದ ಹೆಣೆದ ದಾರ ಬಹಳ ಕಡಿಮೆ ಹಿಗ್ಗುತ್ತದೆ. ನೀರಿಗಿಂತ ಹಗುರವಾದ್ದರಿಂದ ತೇಲುತ್ತದೆ. ಆದ್ದರಿಂದ ಎತ್ತಿ ಸರಿಪಡಿಸುವುದು ಸುಲಭ. ಆದರೆ ಅದು ಸಿಂಪಿ ಹಾಗೂ ಕಲ್ಲಿಗೆ ಉಜ್ಜಿದರೆ ಬೇಗ ತುಂಡಾಗುತ್ತದೆ. ನೈಲಾನ್ ಹೆಚ್ಚು ಹಿಗ್ಗಿದರೂ ಉಜ್ಜುವಿಕೆಯನ್ನು ಉತ್ತಮವಾಗಿ ತಾಳುತ್ತದೆ. ಹೀಗಾಗಿ ಮುಖ್ಯ ದಾರವಾಗಿ ಹೆಣೆದ ದಾರವನ್ನೂ, ಗಾಳದ ಕಡೆಯ ಕೆಲವು ಮೀಟರುಗಳಿಗೆ ನೈಲಾನ್ ಅಥವಾ ಫ್ಲೋರೋಕಾರ್ಬನ್ ದಾರವನ್ನೂ ಜೋಡಿಸುವ ಪದ್ಧತಿ ಇದೆ.

ಗಾಳದ ಆಯ್ಕೆ ಮತ್ತು ಮೊನೆ

ಗಾಳದ ಗಾತ್ರವನ್ನು ಎರೆಯ ಗಾತ್ರಕ್ಕೂ ಮೀನಿನ ಬಾಯಿಗೂ ಹೊಂದಿಸಬೇಕು. ಗಾಳದ ದಂಡಕ್ಕೂ ಮೊನೆಗೂ ನಡುವಿನ ತೆರಪು ಎರೆಯಿಂದ ತುಂಬಿಹೋದರೆ ಮೊನೆಗೆ ಮೀನಿನ ಬಾಯಿ ಸಿಗುವುದಿಲ್ಲ. ಹೆಬ್ಬೆರಳಿನ ಉಗುರಿನ ಮೇಲೆ ಮೊನೆಯನ್ನು ಮೆಲ್ಲಗೆ ಎಳೆದಾಗ ಜಾರಿದರೆ ಮೊನೆ ಮೊಂಡಾಗಿದೆ ಎಂದೂ, ಕಚ್ಚಿ ನಿಂತರೆ ಹರಿತವಾಗಿದೆ ಎಂದೂ ತಿಳಿಯಬಹುದು. ಬಂಡೆಗೆ ಒಮ್ಮೆ ತಾಗಿದ ಗಾಳವನ್ನು ಮತ್ತೆ ಎಸೆಯುವ ಮೊದಲು ಈ ಪರೀಕ್ಷೆ ಅಗತ್ಯ. ತೆಳುವಾದ ತಂತಿಯ ಗಾಳ ಕಡಿಮೆ ಬಲಕ್ಕೆ ನಾಟುತ್ತದೆ. ದೊಡ್ಡ ಮೀನಿಗೆ ಅದು ನೆಟ್ಟಗಾಗುವ ಸಾಧ್ಯತೆಯೂ ಇದೆ.

ವೃತ್ತಾಕಾರದ ಗಾಳದಲ್ಲಿ ಮೊನೆಯು ದಂಡದ ಕಡೆಗೆ ಒಳಬಾಗಿರುತ್ತದೆ. ಪೆಸಿಫಿಕ್ ತೀರದ ಮೂಲನಿವಾಸಿಗಳು ಬಹುಹಿಂದೆಯೇ ಚಿಪ್ಪು, ಮೂಳೆಗಳಿಂದ ಇಂತಹ ಆಕಾರದ ಗಾಳಗಳನ್ನು ಮಾಡುತ್ತಿದ್ದರು. ಮೀನು ಎರೆಯೊಡನೆ ಸರಿದು ಹೋಗುವಾಗ ಗಾಳ ಗಂಟಲಿನಿಂದ ಜಾರಿ ಬಂದು ದವಡೆಯ ಮೂಲೆಯಲ್ಲಿ ತಿರುಗಿ ನಾಟುತ್ತದೆ. ಈ ಗಾಳವನ್ನು ಬಳಸುವಾಗ ಜಗ್ಗಿ ಎಳೆಯಬಾರದು. ದಾರವನ್ನು ನಿಧಾನವಾಗಿ, ಒಂದೇ ಸಮನೆ ಸುತ್ತಬೇಕು. ಸಾಮಾನ್ಯ ಗಾಳದ ಅಭ್ಯಾಸದಿಂದ ಜಗ್ಗಿದರೆ ಅದು ಮೀನಿನ ಬಾಯಿಂದ ಹೊರಬರುತ್ತದೆ.

ಎರೆ

ಸೀಗಡಿ (ಸ್ಥಳೀಯವಾಗಿ ಶೆಟ್ಲಿ), ಏಡಿಯ ತುಂಡು, ನೀಲಿಕಲ್ಲಿನ ಮಾಂಸ ಮತ್ತು ತಾರ್ಲೆ ಅಥವಾ ಬಂಗಡೆಯ ಸೀಳುಗಳು ಎರೆಯಾಗಿ ಬಳಕೆಯಲ್ಲಿವೆ. ಮೀನಿನ ಸೀಳನ್ನು ಉದ್ದವಾಗಿ ಬಿಟ್ಟರೆ ಮೀನುಗಳು ತೂಗುವ ತುದಿಯನ್ನಷ್ಟೇ ಕಿತ್ತು ತಿನ್ನುತ್ತವೆ. ಬೆಂಡು ಪದೇ ಪದೇ ಅಲುಗಿದರೂ ಗಾಳ ನಾಟುವುದಿಲ್ಲ. ಸೀಳನ್ನು ಚಿಕ್ಕದಾಗಿಸಿ ಮೊನೆಯನ್ನು ಹೊರಗೆ ಕಾಣುವಂತೆ ಸಿಕ್ಕಿಸುವುದು ಇದಕ್ಕೆ ಪರಿಹಾರ. ಮೃದುವಾದ ನೀಲಿಕಲ್ಲಿನ ಮಾಂಸವನ್ನು ತೆಳು ನೂಲಿನಿಂದ ಗಾಳಕ್ಕೆ ಸುತ್ತಿದರೆ ಎಸೆಯುವಾಗ ಉದುರುವುದಿಲ್ಲ.

ಎಳೆಯುವ ಕ್ಷಣ

ಅಲೆಯೊಡನೆ ಬೆಂಡು ಲಯಬದ್ಧವಾಗಿ ಏರಿಳಿಯುತ್ತದೆ. ಈ ಲಯ ತಪ್ಪುವುದೇ ಮೀನಿನ ಸುಳಿವು. ಅಲೆಯ ನೆತ್ತಿಯಲ್ಲಿ ಮೇಲಿರಬೇಕಾದ ಬೆಂಡು ಮುಳುಗುವುದು, ಹರಿವಿಗೆ ಎದುರಾಗಿ ಅಥವಾ ಅಡ್ಡಲಾಗಿ ಸರಿಯುವುದು, ಒಮ್ಮೆಲೇ ಅಡ್ಡ ಮಲಗುವುದು ಇವುಗಳಲ್ಲಿ ಪ್ರಮುಖ. ಎರೆಯನ್ನು ಹಿಡಿದ ಮೀನು ಮೇಲಕ್ಕೆ ಬಂದಾಗ ಸೀಸದ ಭಾರ ಬೆಂಡಿನಿಂದ ಕಳಚುವುದರಿಂದ ಅದು ಮಲಗುತ್ತದೆ. ಮುಳುಗುವುದನ್ನೇ ಕಾಯುವವರು ಈ ಸೂಚನೆಯನ್ನು ಗಮನಿಸದೆ ಬಿಡುತ್ತಾರೆ.

ಬೇಗ ಎಳೆದರೆ ಎರೆ ಬಾಯಿ ಸೇರಿರುವುದಿಲ್ಲ. ತಡಮಾಡಿದರೆ ಮೀನು ಗಾಳವನ್ನು ನುಂಗಿಬಿಡುತ್ತದೆ. ಎರಡನೆಯದು ಲೆಕ್ಕದಲ್ಲಿ ಯಶಸ್ಸಿನಂತೆ ಕಂಡರೂ, ಕಿವಿರು ಅಥವಾ ಹೊಟ್ಟೆಗೆ ನಾಟಿದ ಗಾಳದಿಂದ ಗಾಯಗೊಂಡ ಮೀನನ್ನು ಮರಳಿ ನೀರಿಗೆ ಬಿಟ್ಟರೂ ಅದು ಬದುಕುವ ಸಾಧ್ಯತೆ ಕಡಿಮೆ. ಆದ್ದರಿಂದ ಉತ್ತಮ ನಾಟು ಎಂದರೆ ದವಡೆಯ ಮೂಲೆಯಲ್ಲಿ ಆದ ನಾಟು.

ಮೀನುಗಳು ಮತ್ತು ಕಚ್ಚುವ ರೀತಿ

ಸೀಬಾಸ್: ಲೇಟ್ಸ್ ಕ್ಯಾಲ್ಕರಿಫರ್ ಎಂಬ ವೈಜ್ಞಾನಿಕ ಹೆಸರಿನ ಈ ಮೀನನ್ನು ಗೋವಾದ ಕೊಂಕಣಿಯಲ್ಲಿ ಚೊಣಕ್ ಎನ್ನುತ್ತಾರೆ. ಇದು ಬಾಯಿಯನ್ನು ಥಟ್ಟನೆ ತೆರೆದು ನೀರಿನೊಡನೆ ಎರೆಯನ್ನು ಒಳಗೆ ಹೀರುತ್ತದೆ. ಬೆಂಡು ಒಮ್ಮೆಲೇ ಮಾಯವಾಗುತ್ತದೆ. ಬಾಯಿ ದೊಡ್ಡದಾದ್ದರಿಂದ ದಾರ ಬಿಗಿಯಾದ ಕೂಡಲೇ ಎಳೆಯಬಹುದು. ಕಾರವಾರದಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವು ಕಡಲ ಪಂಜರಗಳಲ್ಲಿ ಈ ಮೀನಿನ ಸಾಕಣೆಯನ್ನು ನಡೆಸಿದೆ.

ಕೆಂಬೇರಿ: ಕೆಂಪು ಸ್ನ್ಯಾಪರ್ ಜಾತಿಯ ಈ ಮೀನು ಎರೆಯನ್ನು ಕಚ್ಚಿದ ತಕ್ಷಣ ಕಲ್ಲಿನ ಸಂದಿಗೆ ಮರಳುತ್ತದೆ. ತಡವಾದರೆ ದಾರ ಕಲ್ಲಿಗೆ ಉಜ್ಜಿ ತುಂಡಾಗುತ್ತದೆ. ಬಿಗಿಯಾದ ದಾರ ಮತ್ತು ಗಟ್ಟಿಯಾದ ಕೋಲು ಇದಕ್ಕೆ ಅಗತ್ಯ.

ಮುರು: ಕೊಂಕಣಿಯಲ್ಲಿ ಗೋಬ್ರೊ ಎನ್ನಲಾಗುವ ಈ ಮೀನು ಬಂಡೆಯ ಬುಡದಲ್ಲಿಯೇ ಇರುತ್ತದೆ. ಎರೆಯನ್ನು ತಳದಿಂದ ಅರ್ಧ ಮೀಟರಿನಷ್ಟು ಮೇಲೆ ನಿಲ್ಲಿಸಿದಾಗ ಸಿಗುತ್ತದೆ.

ಬ್ರೀಮ್: ಸಿಂಪಿ, ಏಡಿಗಳನ್ನು ಜಜ್ಜಿ ತಿನ್ನಬಲ್ಲ ಗಟ್ಟಿ ಹಲ್ಲುಗಳಿವೆ. ಮೊದಲು ಎರೆಯನ್ನು ಜಜ್ಜಿ, ನಂತರ ಒಯ್ಯುತ್ತದೆ. ಮೊದಲ ಅಲುಗಾಟಕ್ಕೆ ಎಳೆಯದೆ, ಬೆಂಡು ಒಂದೇ ದಿಕ್ಕಿಗೆ ಸರಿಯತೊಡಗಿದಾಗ ಎಳೆಯುವುದು ಸೂಕ್ತ. ದವಡೆ ಗಟ್ಟಿಯಾದ್ದರಿಂದ ಹರಿತವಾದ ಮೊನೆ ಅನಿವಾರ್ಯ.

ಶೆವಟೊ: ಮಲ್ಲೆಟ್ ಗುಂಪಿನ ಈ ಮೀನುಗಳು ನದೀಮುಖಗಳಲ್ಲಿ ಗುಂಪಾಗಿ ಸಂಚರಿಸುತ್ತವೆ. ಬಾಯಿ ಚಿಕ್ಕದು, ತುಟಿ ಮೃದು. ಚಿಕ್ಕ ಗಾಳ, ಕಣಕದಂತಹ ಮೆತ್ತನೆಯ ಎರೆ ಮತ್ತು ಹಗುರ ಬೆಂಡು ಬೇಕು. ಜೋರಾಗಿ ಎಳೆದರೆ ತುಟಿ ಹರಿದು ಮೀನು ತಪ್ಪಿಸಿಕೊಳ್ಳುತ್ತದೆ.

ಉಬ್ಬರವಿಳಿತ, ಗಾಳಿ ಮತ್ತು ಋತು

ಈ ತೀರದಲ್ಲಿ ದಿನಕ್ಕೆ ಎರಡು ಉಬ್ಬರ ಹಾಗೂ ಎರಡು ಇಳಿತಗಳು ಅಸಮಾನ ಎತ್ತರದಲ್ಲಿ ಉಂಟಾಗುತ್ತವೆ. ಕೊಂಕಣಿಯಲ್ಲಿ ಇವನ್ನು ಭರತಿ ಮತ್ತು ಸುಕತಿ ಎನ್ನುತ್ತಾರೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಸುಮಾರಿಗೆ ನೀರಿನ ಏರಿಳಿತ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಪ್ರತಿದಿನವೂ ಉಬ್ಬರದ ಸಮಯ ಸರಾಸರಿ 50 ನಿಮಿಷ ಮುಂದೆ ಹೋಗುತ್ತದೆ. ನೀರು ಏರುತ್ತ ನೀಲಿಕಲ್ಲಿನ ಪಟ್ಟಿಯನ್ನು ಮುಚ್ಚುವ ವೇಳೆಯಲ್ಲಿ ಮೀನುಗಳು ಬಂಡೆಗೆ ಸಮೀಪವಾಗುತ್ತವೆ. ನೀರು ಏರಿದಂತೆ ತಡೆಗಂಟನ್ನು ಮೇಲೆ ಸರಿಸದಿದ್ದರೆ ಎರೆ ಮೀನಿನ ನೆಲೆಗಿಂತ ಮೇಲೆಯೇ ಉಳಿಯುತ್ತದೆ.

ಬೇಸಿಗೆಯಲ್ಲಿ ಬೆಳಗಿನ ಹೊತ್ತು ನೆಲದಿಂದ ಕಡಲಿಗೆ ಬೀಸುವ ಗಾಳಿ ಹಗುರವಾಗಿರುತ್ತದೆ. ನೀರು ಶಾಂತವಾಗಿದ್ದು ದಾರ ನೇರವಾಗಿ ನಿಲ್ಲುತ್ತದೆ. ಮಧ್ಯಾಹ್ನದ ನಂತರ ಕಡಲಗಾಳಿ ಬಲಗೊಂಡು ದಾರವನ್ನು ದಂಡೆಯ ಕಡೆಗೆ ಬಾಗಿಸುತ್ತದೆ. ಹೀಗಾಗಿ ಒಂದೇ ಜೋಡಣೆ, ಒಂದೇ ಎರೆ ಇದ್ದರೂ ಬೆಳಗಿನ ನಾಟು ಸಂಜೆಯದಕ್ಕಿಂತ ಸುಲಭ.

ನೈಋತ್ಯ ಮಾನ್ಸೂನ್ ಕಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಲೆಗಳು ದೊಡ್ಡದಾಗಿದ್ದು ನದೀಮುಖಗಳಲ್ಲಿ ನೀರು ರಾಡಿಯಾಗಿರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ದಡದಿಂದ ಹಾಕುವ ಗಾಳಕ್ಕೆ ಈ ನಿಷೇಧ ಅನ್ವಯಿಸದಿದ್ದರೂ, ಬಂಡೆಗಳು ಅತ್ಯಂತ ಅಪಾಯಕಾರಿಯಾಗಿರುವ ಕಾಲವೂ ಇದೇ ಆಗಿದೆ.

ಸುರಕ್ಷತೆ

ಬೆಂಡನ್ನೇ ದಿಟ್ಟಿಸುವವನ ಗಮನ ಕಡಲಿನ ಮೇಲಿರುವುದಿಲ್ಲ. ಬಂಡೆಗಳ ಮೇಲಿನ ಮೀನುಗಾರಿಕೆಯ ಮುಖ್ಯ ಅಪಾಯ ಇದು. ಅಲೆಗಳು ಗುಂಪುಗುಂಪಾಗಿ ಬರುತ್ತವೆ; ಹಲವು ನಿಮಿಷಗಳ ಶಾಂತಿಯ ನಂತರ ಏಕಾಏಕಿ ದೊಡ್ಡ ಅಲೆಗಳ ಸಾಲು ಬರಬಹುದು. ದಕ್ಷಿಣ ಹಿಂದೂ ಮಹಾಸಾಗರದ ದೂರದ ಬಿರುಗಾಳಿಗಳಲ್ಲಿ ಹುಟ್ಟಿದ ಉಬ್ಬಲೆಗಳು ಸ್ಥಳೀಯವಾಗಿ ಗಾಳಿಯೇ ಇಲ್ಲದ ದಿನವೂ ಭಾರತದ ಪಶ್ಚಿಮ ತೀರವನ್ನು ತಲುಪುತ್ತವೆ. ಕೇರಳದಲ್ಲಿ ಇದಕ್ಕೆ ಕಳ್ಳಕ್ಕಡಲ್, ಅಂದರೆ ಕಳ್ಳನಂತೆ ಬರುವ ಕಡಲು ಎಂಬ ಹೆಸರಿದೆ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಎತ್ತರದ ಅಲೆ ಮತ್ತು ಉಬ್ಬಲೆಗಳ ಮುನ್ನೆಚ್ಚರಿಕೆಯನ್ನು ನೀಡುತ್ತದೆ. ಭಾರತೀಯ ಸರ್ವೇಕ್ಷಣ ಇಲಾಖೆಯು ಪ್ರತಿವರ್ಷ ಉಬ್ಬರವಿಳಿತದ ಪಟ್ಟಿಗಳನ್ನು ಪ್ರಕಟಿಸುತ್ತದೆ.

ಬಂಡೆಯ ಮೇಲೆ ನಿಲ್ಲುವ ಮೊದಲು ಅರ್ಧ ಗಂಟೆಯಾದರೂ ದೂರದಿಂದ ಅಲೆಗಳನ್ನು ಗಮನಿಸುವುದು ರೂಢಿಯ ಮುನ್ನೆಚ್ಚರಿಕೆ. ಒದ್ದೆಯಾಗಿರುವ ಅಥವಾ ಪಾಚಿ ಕಟ್ಟಿ ಕಪ್ಪಾಗಿರುವ ಕಲ್ಲಿನವರೆಗೆ ಅಲೆ ಬರುತ್ತದೆ ಎಂಬುದು ಅದರ ಬಣ್ಣದಿಂದಲೇ ತಿಳಿಯುತ್ತದೆ. ನಿಲ್ಲುವ ಸ್ಥಳ ಅದಕ್ಕಿಂತ ಮೇಲಿರಬೇಕು. ಉಬ್ಬರದ ವೇಳೆ ಹಿಂದಿರುಗುವ ದಾರಿ ನೀರಿನಲ್ಲಿ ಮುಚ್ಚಿಹೋಗುವ ಕಲ್ಲುಗಳಿಗೆ ಹೋಗಬಾರದು. ಒಬ್ಬರೇ ಹೋಗದಿರುವುದು, ಜೀವರಕ್ಷಕ ಜಾಕೆಟ್ ಧರಿಸುವುದು, ಜಾರದ ಪಾದರಕ್ಷೆ ಬಳಸುವುದು ಹಾಗೂ ಸಿಕ್ಕಿದ ಮೀನನ್ನು ತರಲು ಬಂಡೆಯ ಕೆಳಗೆ ಇಳಿಯದೆ ಉದ್ದ ಹಿಡಿಕೆಯ ಬಲೆಯನ್ನು ಉಪಯೋಗಿಸುವುದು ಅವಶ್ಯಕ. ಯಾರಾದರೂ ನೀರಿಗೆ ಬಿದ್ದಲ್ಲಿ ಅವರ ಹಿಂದೆ ಹಾರದೆ, ಹಗ್ಗ ಅಥವಾ ತೇಲುವ ವಸ್ತುವನ್ನು ಎಸೆದು ನೆರವು ಕೋರಬೇಕು. ತುರ್ತು ನೆರವಿಗೆ 112 ಹಾಗೂ ಭಾರತೀಯ ಕರಾವಳಿ ಕಾವಲು ಪಡೆಯ 1554 ಸಂಖ್ಯೆಗಳಿವೆ.

ಪರಿಸರದ ದೃಷ್ಟಿ

ಸೀಬಾಸ್ ಮೀನುಗಳು ಮೊದಲು ಗಂಡಾಗಿ ಬೆಳೆದು, ಅನಂತರ ಹೆಣ್ಣಾಗಿ ಪರಿವರ್ತನೆ ಹೊಂದುತ್ತವೆ. ಆದ್ದರಿಂದ ದೊಡ್ಡ ಮೀನುಗಳಲ್ಲಿ ಹೆಚ್ಚಿನವು ಮೊಟ್ಟೆಯಿಡುವ ಹೆಣ್ಣುಗಳಾಗಿರುತ್ತವೆ. ಅತಿ ಚಿಕ್ಕ ಮೀನುಗಳನ್ನೂ, ಅಗತ್ಯಕ್ಕಿಂತ ಹೆಚ್ಚಾಗಿ ಸಿಕ್ಕ ದೊಡ್ಡ ಮೀನುಗಳನ್ನೂ ಮರಳಿ ಬಿಡುವುದು ಸಂತತಿಯ ಉಳಿವಿಗೆ ಸಹಾಯಕ. ಬಿಡಬೇಕಾದ ಮೀನನ್ನು ಒದ್ದೆ ಕೈಯಿಂದ ಹಿಡಿದು, ಬಿಸಿ ಕಲ್ಲಿನ ಮೇಲೆ ಇಡದೆ ಬೇಗನೆ ನೀರಿಗೆ ಸೇರಿಸಬೇಕು. ಗಾಳ ಆಳವಾಗಿ ನುಂಗಲ್ಪಟ್ಟಿದ್ದರೆ ಅದನ್ನು ಕೀಳುವ ಬದಲು ದಾರವನ್ನು ಬಾಯಿಯ ಸಮೀಪ ಕತ್ತರಿಸುವುದು ಕಡಿಮೆ ಹಾನಿಕರ.

ಕಾರವಾರದ ಸುತ್ತಲಿನ ಮರಳದಂಡೆಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಕಡಲಾಮೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಬಂಡೆಗಳಲ್ಲಿ ತುಂಡಾಗಿ ಉಳಿದ ನೈಲಾನ್ ದಾರವು ಆಮೆ ಹಾಗೂ ಹಕ್ಕಿಗಳ ಕಾಲು, ಕುತ್ತಿಗೆಗಳಿಗೆ ಸುತ್ತಿಕೊಳ್ಳುತ್ತದೆ. ನಾಟಿನ ಪ್ರಮಾಣ ಹೆಚ್ಚಿದಂತೆ ಗಾಳವನ್ನು ಮತ್ತೆ ಮತ್ತೆ ಎಸೆಯುವ ಅಗತ್ಯ ಕಡಿಮೆಯಾಗುತ್ತದೆ. ಅದರೊಡನೆ ಕಲ್ಲಿಗೆ ಸಿಕ್ಕಿ ಕಳೆದುಹೋಗುವ ದಾರ, ಸೀಸ ಮತ್ತು ಗಾಳಗಳೂ ಕಡಿಮೆಯಾಗುತ್ತವೆ.